ಸತ್ತು ಎದ್ದ ಗಾಡಿಗೆ ಆರ್‌ಸಿಯಲ್ಲಿ ಒಂದು ಕಾಲಂ ಬೇಕು

ಹಾಸ್ಟೆಲ್‌ನಲ್ಲಿ ಕ್ಯಾಂಪರ್ ಅಂದ ಕೂಡಲೇ ನಮ್ಮ ಹುಡುಗರ ಕಣ್ಣ ಮುಂದೆ ಬರೋದು ಅಮೆರಿಕದ ಯೂಟ್ಯೂಬ್ ವಿಡಿಯೊ. ಹಳೇ ವ್ಯಾನು, ಒಳಗೆ ಹಾಸಿಗೆ, ಸಣ್ಣ ಒಲೆ, ಮೇಲೆ ಸೋಲಾರ್ ಪ್ಲೇಟು, ಹೊರಗೆ ಗುಡ್ಡ. ಆಕ್ಸಿಡೆಂಟ್ ಆದ ವ್ಯಾನನ್ನ ಅರ್ಧ ರೇಟಿಗೆ ತಗೊಂಡು, ಆರು ತಿಂಗಳು ಕೂತು ರಿಪೇರಿ ಮಾಡಿ, ಊರೂರು ಸುತ್ತುವವರಿಗೆ ನಮ್ಮ ವಿಂಗ್‌ನಲ್ಲಿ ಒಂದು ಅಭಿಮಾನಿ ಸಂಘವೇ ಇದೆ. ಆದ್ರೆ ನಮ್ಮ ಹುನಗುಂದದಲ್ಲಿ ಕ್ಯಾಂಪರ್ ಅಂದ್ರೆ ಬೊಲೆರೊ ಕ್ಯಾಂಪರ್. ಮುಂದೆ ಎರಡು ಸಾಲು ಸೀಟು, ಹಿಂದೆ ಸಾಮಾನು ಹಾಕೋ ತೆರೆದ ಬಾಡಿ. ಇಳಕಲ್ ಕಡೆ ಗ್ರಾನೈಟ್ ಕ್ವಾರಿಗಳಿಗೆ ಡೀಸೆಲ್ ಕ್ಯಾನು, ಡ್ರಿಲ್ ಬಿಟ್ಟು, ಆಳುಗಳು ಹೋಗೋದು ಅದರಲ್ಲೇ. ಸುಗ್ಗಿಯಲ್ಲಿ ಕಡಲೆ ಚೀಲ ಎಪಿಎಂಸಿಗೆ ಬರೋದೂ ಅದರಲ್ಲೇ. ಅದರೊಳಗೆ ಮಲಗಿ ಯಾರೂ ಗುಡ್ಡ ನೋಡಲ್ಲ.

ಈ ಎರಡು ಕ್ಯಾಂಪರ್‌ಗಳಿಗೂ ಪ್ರಶ್ನೆ ಮಾತ್ರ ಒಂದೇ: ಒಡೆದ ಗಾಡಿ ಅಗ್ಗಕ್ಕೆ ಸಿಕ್ಕರೆ ತಗೋಬೇಕೋ ಬೇಡವೋ? ಆ ವಿಡಿಯೊಗಳಲ್ಲಿ ಉತ್ತರ ಶುರುವಾಗೋದು ಒಂದು ಕಾಗದದಿಂದ. ‘ಸಾಲ್ವೇಜ್ ಟೈಟಲ್’ ಅಂತಾರೆ. ಈ ಗಾಡಿಯನ್ನ ರಿಪೇರಿಗೆ ತಕ್ಕದ್ದಲ್ಲ ಅಂತ ಒಮ್ಮೆ ಕೈಬಿಡಲಾಗಿತ್ತು ಅನ್ನೋದು ಅದರ ಮಾಲೀಕತ್ವದ ಪತ್ರದ ಮೇಲೇ ಬರೆದಿರುತ್ತೆ. ನಮ್ಮಲ್ಲಿ ಒಡೆದ ಗಾಡಿಗಳಿಗೇನೂ ಕಮ್ಮಿ ಇಲ್ಲ, ಅದನ್ನ ಹೇಳೋ ಕಾಗದ ಮಾತ್ರ ಇಲ್ಲ. ಅದು ಇರಬೇಕು ಅನ್ನೋದೇ ನನ್ನ ವಾದ. ಈ ಅಭಿಪ್ರಾಯ ನನಗೆ ಕ್ಲಾಸಿನಲ್ಲಿ ಬಂದದ್ದಲ್ಲ. ಹೆದ್ದಾರಿ ಪಕ್ಕದ ಒಂದು ಯಾರ್ಡಿನಲ್ಲಿ, ಗಾಡಿಯ ಕೆಳಗೆ ಅಂಗಾತ ಮಲಗಿದ್ದಾಗ ಬಂದದ್ದು.

ಹೋದ ದೀಪಾವಳಿ ರಜೆಗೆ ಊರಿಗೆ ಹೋದಾಗ ಕಾಕಾ ಮೊಬೈಲ್ ತೆಗೆದು ನಾಲ್ಕು ಫೋಟೊ ತೋರಿಸಿದ. ಬಿಳಿ ಕ್ಯಾಂಪರ್, ಮೂತಿ ಎಡಗಡೆ ಒಳಗೆ ಹೋಗಿತ್ತು.

“ತಮ್ಮಾ, ಚಲೋ ಇದ್ದಿದ್ರ ಆರು ಲಕ್ಷಕ್ಕ ಕಮ್ಮಿ ಸಿಗೂದಿಲ್ಲ. ಎರಡೂವರಿಗೆ ಕೊಡ್ತಾನಂತ. ಬಡದು ಬಣ್ಣ ಹೊಡಿಸಿದ್ರ ಮುಗೀತು. ನೀ ಮೆಕ್ಯಾನಿಕಲ್ ಓದಾಕತ್ತಿ, ಬಂದು ನೋಡಿ ಹೇಳು.”

ಕಾಕಾಗೆ ಒಂದು ಕ್ವಾರಿಗೆ ಸಾಮಾನು ಹಾಕೋ ಕೆಲಸ ಸಿಗುವಂತಿತ್ತು. ಸ್ವಂತ ಗಾಡಿ ಇದ್ದರೆ ಮಾತ್ರ. ಎರಡೂವರೆ ಲಕ್ಷ ಅಂದ್ರೆ ಎರಡು ವರ್ಷದ ಕಡಲೆ ರೊಕ್ಕ ಮತ್ತು ಕಾಕಿಯ ಬಂಗಾರ. ಬ್ಯಾಡ ಅಂತ ಸುಮ್ಮನೆ ಹೇಳಿಬಿಡೋ ಹಕ್ಕು ನನಗಿರಲಿಲ್ಲ. ಹೂಂ ಅನ್ನೋ ಧೈರ್ಯವೂ ಇರಲಿಲ್ಲ. ಸ್ಟ್ರೆಂತ್ ಆಫ್ ಮೆಟೀರಿಯಲ್ಸ್‌ನಲ್ಲಿ ಒಳ್ಳೆ ಮಾರ್ಕ್ಸ್ ಇತ್ತು, ಒಪ್ಪಿಕೊಳ್ತೀನಿ, ಆದ್ರೆ ಅಲ್ಲಿವರೆಗೆ ಒಂದು ಗಾಡಿಯ ಕೆಳಗೂ ತೂರಿದವನಲ್ಲ. ಅದಕ್ಕೇ ಊರಿನ ಮಿಸ್ತ್ರಿಯನ್ನ ಜೊತೆಗೆ ಕರಕೊಂಡು ಹೋದ್ವಿ. ಮೂವತ್ತು ವರ್ಷದಿಂದ ಜೀಪು, ಟ್ರ್ಯಾಕ್ಟರ್ ಬಿಚ್ಚಿ ಕೂಡಿಸಿದ ಕೈ ಅವರದು.

ಮಿಸ್ತ್ರಿ ಮೂತಿ ಕಡೆ ನೋಡಲೇ ಇಲ್ಲ. ಗೌಂಡಿಗಳು ಗೋಡೆ ನೆಟ್ಟಗಿದೆಯೋ ಅಂತ ನೋಡೋಕೆ ಬಳಸೋ ಗುಂಡನ್ನ ದಾರಕ್ಕೆ ಕಟ್ಟಿ ತಂದಿದ್ದರು. ಚಾಸಿಯ ಎರಡೂ ಪಕ್ಕದಲ್ಲಿ ಒಂದೇ ಜಾಗದಲ್ಲಿರೋ ತೂತುಗಳಿಂದ ಗುಂಡು ಇಳಿಬಿಟ್ಟು, ಅದು ನೆಲ ಮುಟ್ಟಿದಲ್ಲಿ ಚಾಕ್‌ಪೀಸಿನಿಂದ ಗುರುತು ಮಾಡಿಸಿದರು. ಮುಂದೆ ಎರಡು, ಹಿಂದೆ ಎರಡು. ಆಮೇಲೆ ಗಾಡಿಯನ್ನ ಹಿಂದಕ್ಕೆ ತಳ್ಳಿ, ಆ ನಾಲ್ಕು ಗುರುತುಗಳ ಕರ್ಣ ಅಳೆದ್ವಿ. ಆಯತಕ್ಕೆ ಎರಡು ಕರ್ಣವೂ ಸಮ ಇರಬೇಕು, ಇದು ಎಂಟನೇ ಕ್ಲಾಸಿನ ಗಣಿತ. ಮೂರ್ನಾಲ್ಕು ಮಿಲಿಮೀಟರ್ ವ್ಯತ್ಯಾಸ ಬಂದಿದ್ದರೆ ಟೇಪಿನ ತಪ್ಪು ಅನ್ನಬಹುದಿತ್ತು. ನಮಗೆ ಬಂದದ್ದು 22 ಮಿಲಿಮೀಟರ್.

“ಏಡಿ ನಡದಂಗ ಓರೆ ನಡೀತೈತ್ರಿ ಇದು. ಸ್ಟೀರಿಂಗ್ ಎಷ್ಟ ನೆಟ್ಟಗ ಹಿಡದ್ರೂ ಹಿಂದಿನ ಗಾಲಿ ಬ್ಯಾರೆ ದಾರಿ ಹಿಡೀತೈತಿ” ಅಂದ್ರು ಮಿಸ್ತ್ರಿ.

ಕೆಳಗೆ ಮಲಗಿ ಟಾರ್ಚ್ ಹಿಡಿದಾಗ ಇನ್ನೊಂದು ಕಂಡಿತು. ಚಾಸಿಯ ಎಡಗಡೆ ಕಪ್ಪು ಬಣ್ಣದ ಕೆಳಗೆ ಒಂದು ಪಟ್ಟಿ ವೆಲ್ಡ್ ಮಾಡಿದ್ದರು. ಅದರ ಮೇಲೆ ತುಕ್ಕು ಕೂತು ಹಳೇದಾಗಿತ್ತು. ಅಂದ್ರೆ ಇದು ಮೊದಲ ಆಕ್ಸಿಡೆಂಟ್ ಅಲ್ಲ, ಎರಡನೇದು. ಎಡಗಡೆ ಎರಡು ಬಾಗಿಲ ಗಾಜಿನ ಮೇಲಿನ ತಯಾರಿಕೆ ಗುರುತಿಗೂ ಬಲಗಡೆದಕ್ಕೂ ಮೂರು ವರ್ಷದ ಅಂತರ. ಮಿಸ್ತ್ರಿ ಎದ್ದು ಕೈ ಒರೆಸಿಕೊಂಡು, “ಇದು ಗಾಡಿ ಅಲ್ರಿ, ಗಿರ್ಮಿಟ್” ಅಂದುಬಿಟ್ಟರು.

ಅಷ್ಟರಲ್ಲಿ ಕಾಕಾ ಎಂಪರಿವಾಹನ್ ಆ್ಯಪ್‌ನಲ್ಲಿ ನಂಬರ್ ಹಾಕಿ ನೋಡಿದ್ದ. ನೋಂದಣಿ ಚಾಲ್ತಿಯಲ್ಲಿದೆ, ಫಿಟ್‌ನೆಸ್ ಮುಂದಿನ ವರ್ಷದವರೆಗೆ ಇದೆ, ಸಾಲ ಇಲ್ಲ. ಸರ್ಕಾರದ ದಾಖಲೆ ಪ್ರಕಾರ ಈ ಗಾಡಿ ಆರೋಗ್ಯವಾಗಿ ರಸ್ತೆ ಮೇಲೆ ಓಡಾಡ್ತಾ ಇತ್ತು. ನಮ್ಮ ಕಣ್ಣ ಮುಂದೆ ಎರಡು ಸಲ ಮುರಿದು ನಿಂತಿತ್ತು. “ಹೆಂಗ ಬಡೀತು?” ಅಂತ ದಲಾಲಿಯನ್ನ ಕೇಳಿದರೆ, “ಸಣ್ಣದು ರೀ, ಮೂತಿಗಷ್ಟ” ಅಂದ. ವಿಮೆಯ ಸರ್ವೇ ರಿಪೋರ್ಟ್ ಇದ್ದರೆ ಕೊಡ್ರಿ ಅಂದಿದ್ದಕ್ಕೆ ನಕ್ಕ.

ಇಲ್ಲಿಂದ ಮುಂದೆ ನಾನು ಓದಿ ತಿಳಕೊಂಡದ್ದು. ಗಾಡಿ ಕೊಳ್ಳೋ ಮನೆಯಿಂದ ಬಂದ ಎಲ್ಲರಿಗೂ ಇದು ಗೊತ್ತಿರಬೇಕು.

ಗಾಡಿ ಒಡೆದಾಗ ವಿಮಾ ಕಂಪನಿ ಸರ್ವೇಯರ್‌ನನ್ನ ಕಳಿಸುತ್ತೆ. ರಿಪೇರಿಯ ಖರ್ಚು ಗಾಡಿಯ ಐಡಿವಿ, ಅಂದ್ರೆ ವಿಮೆಯಲ್ಲಿ ಬರೆದ ಬೆಲೆಯ ಶೇ. 75 ದಾಟಿದರೆ ಅದನ್ನ ‘ಟೋಟಲ್ ಲಾಸ್’ ಅಂತ ಲೆಕ್ಕ ಹಾಕ್ತಾರೆ. ಮಾಲೀಕನಿಗೆ ರೊಕ್ಕ ಕೊಟ್ಟು, ಉಳಿದ ಗಾಡಿಯನ್ನ ಹೆಚ್ಚು ಕೂಗಿದವರಿಗೆ ಮಾರ್ತಾರೆ. ಇಲ್ಲಾ, ಅದರ ಗುಜರಿ ಬೆಲೆ ಹಿಡಕೊಂಡು ಗಾಡಿಯನ್ನ ಮಾಲೀಕನಿಗೇ ಬಿಡ್ತಾರೆ. ಆಮೇಲೆ ಅದು ಯಾರ್ಡಿಗೆ ಬರುತ್ತೆ, ಬಹಳ ಸಲ ಆರ್‌ಸಿ ಸಮೇತ.

ಇಲ್ಲಿ ಒಂದು ಸೂಕ್ಷ್ಮ ಇದೆ. ಟೋಟಲ್ ಲಾಸ್ ಅಂದ ಮಾತ್ರಕ್ಕೆ ಗಾಡಿ ಸತ್ತಿದೆ ಅಂತಲ್ಲ. ಹೊಸದರಲ್ಲಿ 10 ಲಕ್ಷ ಇದ್ದ ಗಾಡಿ ತಗೋಳ್ಳಿ. ಆರು ತಿಂಗಳು ದಾಟಿ ಒಂದು ವರ್ಷದೊಳಗೆ ಇದ್ದರೆ ಶೇ. 15 ಸವಕಳಿ, ಐಡಿವಿ 8.5 ಲಕ್ಷ. ಅದರ ಶೇ. 75 ಅಂದ್ರೆ ಸುಮಾರು 6.38 ಲಕ್ಷ. ಅದೇ ಗಾಡಿ ನಾಲ್ಕು ವರ್ಷ ದಾಟಿ ಐದರೊಳಗೆ ಇದ್ದರೆ ಸವಕಳಿ ಶೇ. 50, ಐಡಿವಿ 5 ಲಕ್ಷ, ಶೇ. 75 ಅಂದ್ರೆ 3.75 ಲಕ್ಷ. ಈಗ ಎರಡಕ್ಕೂ 4 ಲಕ್ಷದ ರಿಪೇರಿ ಬಂತು ಅನ್ನಿ. ಹೊಸದು ವರ್ಕ್‌ಶಾಪಿಗೆ ಹೋಗುತ್ತೆ, ಹಳೇದು ಟೋಟಲ್ ಲಾಸ್ ಆಗುತ್ತೆ. ಪೆಟ್ಟು ಒಂದೇ, ಹಣೆಬರಹ ಬೇರೆ. ಇದು ರೊಕ್ಕದ ತೀರ್ಪು, ಲೋಹದ ತೀರ್ಪಲ್ಲ.

ಹಾಗಾಗಿ ಟೋಟಲ್ ಲಾಸ್ ಗಾಡಿ ಮುಟ್ಟಲೇಬಾರದು ಅಂತ ನಾನು ಹೇಳಲ್ಲ. ಬಾಗಿಲು, ಬಾನೆಟ್, ರೇಡಿಯೇಟರ್, ದೀಪ ಮಾತ್ರ ಹೋದ ಗಾಡಿಯನ್ನ ನಮ್ಮ ಊರಿನ ಮಿಸ್ತ್ರಿಗಳು ಷೋರೂಮಿಗಿಂತ ಎಷ್ಟೋ ಕಮ್ಮಿ ಖರ್ಚಲ್ಲಿ ಚೆನ್ನಾಗಿ ನಿಲ್ಲಿಸ್ತಾರೆ. ಅದು ಮರ್ಯಾದೆಯ ಕೆಲಸ, ಎಷ್ಟೋ ಮನೆಯ ಅನ್ನ. ಆದ್ರೆ ಚಾಸಿ ಸೊಟ್ಟಗಾದ ಗಾಡಿಯೂ ಅದೇ ಸಾಲಲ್ಲಿ, ಅದೇ ಬಿಳಿ ಬಣ್ಣ ಬಳಕೊಂಡು ನಿಂತಿರುತ್ತೆ. ಗ್ಯಾಸ್ ಬೆಂಕಿ ಕೊಟ್ಟು ಕಾಯಿಸಿ ನೆಟ್ಟಗೆ ಮಾಡಿದ ಉಕ್ಕು ಮೊದಲಿನ ಬಲ ಉಳಿಸಿಕೊಂಡಿರುತ್ತೆ ಅಂತ ನಂಬೋ ಹಾಗಿಲ್ಲ. ವೆಲ್ಡ್ ಪಕ್ಕದ ಹೀಟ್ ಅಫೆಕ್ಟೆಡ್ ಝೋನ್‌ನಲ್ಲಿ ಸೀಳು ಶುರುವಾಗೋದು, ಲೋಡ್ ಏರಿ ಇಳಿದ ಹಾಗೆ ಅದು ಬೆಳೆಯೋದು ನಾವು ಫೆಟೀಗ್ ಚಾಪ್ಟರ್‌ನಲ್ಲಿ ಓದಿದ್ದೇ. ಪರೀಕ್ಷೆಯಲ್ಲಿ ಎಸ್-ಎನ್ ಕರ್ವ್ ಬರೆದು ಬಂದ ನಮಗೆ ಅದು ಕ್ವಾರಿ ರಸ್ತೆಯ ತಗ್ಗುದಿಬ್ಬದ ಮೇಲೆ ಹೇಗಿರುತ್ತೆ ಅಂತ ಯೋಚನೆ ಬರಲ್ಲ, ಅಷ್ಟೇ.

ಕಾನೂನು ಏನು ಹೇಳುತ್ತೆ? 1988ರ ಮೋಟಾರು ವಾಹನ ಕಾಯ್ದೆಯ 55ನೇ ಸೆಕ್ಷನ್ ಪ್ರಕಾರ ಗಾಡಿ ನಾಶವಾದರೆ, ಅಥವಾ ಶಾಶ್ವತವಾಗಿ ಬಳಕೆಗೆ ಬಾರದ ಹಾಗಾದರೆ, ಮಾಲೀಕ 14 ದಿನದೊಳಗೆ ಅಥವಾ ಆದಷ್ಟು ಬೇಗ ನೋಂದಣಿ ಕಚೇರಿಗೆ ತಿಳಿಸಿ ಆರ್‌ಸಿ ಒಪ್ಪಿಸಬೇಕು. ನೋಂದಣಿ ರದ್ದಾಗುತ್ತೆ. ಚೆನ್ನಾಗಿದೆ. ಆದ್ರೆ ‘ಟೋಟಲ್ ಲಾಸ್’ ಆದ ಗಾಡಿ ‘ಶಾಶ್ವತವಾಗಿ ಬಳಕೆಗೆ ಬಾರದ್ದು’ ಆಗಲೇಬೇಕು ಅಂತಿಲ್ಲವಲ್ಲ. ಆ ಸಂದಿಯಲ್ಲಿ ಗಾಡಿ ನುಸುಳಿಕೊಳ್ಳುತ್ತೆ. ನಮ್ಮ ಆರ್‌ಸಿಗೆ ಗೊತ್ತಿರೋದು ಎರಡೇ ಸ್ಥಿತಿ: ಬದುಕಿದೆ ಅಥವಾ ಸತ್ತಿದೆ. ಸತ್ತು ಎದ್ದು ಬಂದದ್ದಕ್ಕೆ ಅಲ್ಲಿ ಕಾಲಂ ಇಲ್ಲ.

ಅಮೆರಿಕದಲ್ಲಿ ಆ ಮೂರನೇ ಸ್ಥಿತಿ ಇದೆ. ಸಾಲ್ವೇಜ್ ಅಂತ ಮುದ್ರೆ ಬಿದ್ದ ಗಾಡಿ ಹಾಗೇ ರಸ್ತೆಗೆ ಇಳಿಯೋ ಹಾಗಿಲ್ಲ. ರಿಪೇರಿಯಾಗಿ, ತಪಾಸಣೆ ಮುಗಿದ ಮೇಲೆ ‘ರೀಬಿಲ್ಟ್’ ಅಂತ ಇನ್ನೊಂದು ಮುದ್ರೆ ಬೀಳುತ್ತೆ, ಅದು ಮುಂದೆ ಕೊಳ್ಳೋನಿಗೂ ಕಾಣುತ್ತೆ. ಅಲ್ಲೂ ಎಲ್ಲ ಸರಿ ಇಲ್ಲ. ಒಂದೊಂದು ರಾಜ್ಯಕ್ಕೆ ಒಂದೊಂದು ನಿಯಮ. ಮುದ್ರೆ ತೊಳೆಯೋಕೆ ಗಾಡಿಯನ್ನ ಬೇರೆ ರಾಜ್ಯಕ್ಕೆ ಒಯ್ದು ನೋಂದಣಿ ಮಾಡಿಸೋ ಕಳ್ಳರು ಅಲ್ಲೂ ಇದ್ದಾರೆ. ಅದನ್ನ ತಡೆಯೋಕೆ ಅಂತಲೇ 1992ರ ಕಾರು ಕಳವು ತಡೆ ಕಾಯ್ದೆಯಡಿ ಇಡೀ ದೇಶಕ್ಕೆ ಒಂದೇ ದಾಖಲೆ ಕೋಶ ಮಾಡೋಕೆ ಹೊರಟರು. ಕಳ್ಳರಿದ್ದಾರೆ ಅಂತ ಅವರು ಮುದ್ರೆಯನ್ನೇ ತೆಗೆದುಹಾಕಲಿಲ್ಲ.

ನಮ್ಮಲ್ಲಿ ತೊಳೆಯೋದೂ ಬೇಕಿಲ್ಲ, ಕೊಳೆ ಅಂಟೋದೇ ಇಲ್ಲ. 2019ರ ಆಗಸ್ಟ್ ನೆನಪಿದೆಯಲ್ಲ? ಮಲಪ್ರಭೆ ತುಂಬಿ ಬಂದು ಪಟ್ಟದಕಲ್ಲಿನ ದೇವಸ್ಥಾನಗಳ ಆವರಣಕ್ಕೂ ನೀರು ನುಗ್ಗಿತ್ತು. ಬಾದಾಮಿ, ಹುನಗುಂದ ತಾಲ್ಲೂಕಿನ ನದಿ ದಂಡೆಯ ಊರುಗಳು ಮುಳುಗಿದ್ದವು. ಅಂಥ ನೀರಿನಲ್ಲಿ ಒಂದು ಗಾಡಿ ಎಷ್ಟು ದಿನ ನಿಂತಿತ್ತು ಅಂತ ಬರೆಯೋಕೆ ಆರ್‌ಸಿಯಲ್ಲಿ ಜಾಗವೇ ಇಲ್ಲ. ಪೆಟ್ಟು ಬಿದ್ದ ಗಾಡಿಯ ಗುರುತಾದರೂ ಹುಡುಕಿದರೆ ಸಿಗುತ್ತೆ. ನೀರು ಕುಡಿದ ಗಾಡಿ ಒಂದೆರಡು ವರ್ಷ ಸುಮ್ಮನಿದ್ದು, ಆಮೇಲೆ ವೈರಿಂಗ್ ಕಡೆಯಿಂದ ಮಾತಾಡೋಕೆ ಶುರು ಮಾಡುತ್ತೆ.

ಇನ್ನೂ ಕೆಟ್ಟದ್ದು ಒಂದಿದೆ. ಕೆಲವರು ಯಾರ್ಡಿನಲ್ಲಿ ಕೊಳ್ಳೋದು ಗಾಡಿಯನ್ನಲ್ಲ, ಅದರ ಆರ್‌ಸಿಯನ್ನ. ಅದೇ ಮಾಡೆಲ್, ಅದೇ ಬಣ್ಣದ ಗಾಡಿ ಕದ್ದು, ಚಾಸಿ ನಂಬರ್ ಉಜ್ಜಿ, ಒಡೆದ ಗಾಡಿಯ ನಂಬರ್ ಹೊಡೆದು ಮಾರ್ತಾರೆ. ದೇಶದಲ್ಲಿ ಪೊಲೀಸರು ಇಂಥ ಜಾಲಗಳನ್ನ ಹಲವು ಸಲ ಹಿಡಿದಿದ್ದಾರೆ. ಟೋಟಲ್ ಲಾಸ್ ಆದ ಚಾಸಿ ನಂಬರ್‌ಗೆ ದಾಖಲೆಯಲ್ಲಿ ಒಂದು ಗುರುತು ಬಿದ್ದಿದ್ದರೆ ಈ ವ್ಯಾಪಾರದ ಬೇರು ಅಲ್ಲೇ ಒಣಗುತ್ತಿತ್ತು.

ಫಿಟ್‌ನೆಸ್ ಸರ್ಟಿಫಿಕೇಟ್ ಇದೆಯಲ್ಲ ಅಂತ ಕೇಳಬಹುದು. ಕ್ಯಾಂಪರ್ ಹಳದಿ ಬೋರ್ಡಿನ ಗಾಡಿ. ಮೊದಲ ಎಂಟು ವರ್ಷ ಎರಡು ವರ್ಷಕ್ಕೊಮ್ಮೆ, ಆಮೇಲೆ ವರ್ಷಕ್ಕೊಮ್ಮೆ ಫಿಟ್‌ನೆಸ್ ಆಗಬೇಕು. ನಿಜ. ಆದ್ರೆ ಬ್ರೇಕು, ದೀಪ, ಸ್ಟೀರಿಂಗ್, ಹೊಗೆ ಅವತ್ತು ಹೇಗಿತ್ತು ಅಂತ ಅದು ಹೇಳುತ್ತೆ. ಹೋದ ವರ್ಷ ಗಾಡಿ ಎಲ್ಲಿ ಮುರಿದಿತ್ತು ಅಂತ ಹೇಳಲ್ಲ. ನಮ್ಮ ಗಿರ್ಮಿಟ್ ಗಾಡಿಗೂ ಫಿಟ್‌ನೆಸ್ ಇತ್ತಲ್ಲ.

ನನ್ನ ಬೇಡಿಕೆ ದೊಡ್ಡದೇನಲ್ಲ. ಟೋಟಲ್ ಲಾಸ್ ಕ್ಲೇಮ್ ಕೊಟ್ಟ ಕಂಪನಿ, ಆ ಚಾಸಿ ನಂಬರ್, ತಾರೀಖು, ಕಾರಣ (ಪೆಟ್ಟೋ, ನೀರೋ, ಬೆಂಕಿಯೋ) ಇಷ್ಟನ್ನ ವಾಹನ್ ದಾಖಲೆಗೆ ಕಳಿಸಬೇಕು. ಆ್ಯಪ್‌ನಲ್ಲಿ ಅದು ಎಲ್ಲರಿಗೂ ಕಾಣಬೇಕು. ಗಾಡಿ ಮತ್ತೆ ರಸ್ತೆಗೆ ಬರೋ ಮೊದಲು ಚಾಸಿ ಅಳತೆ ಆಗಿ, ಅಳೆದವರ ಸಹಿ ಬೀಳಬೇಕು. ಇದಕ್ಕೆ ಹೊಸ ಯಂತ್ರ ಕಟ್ಟಬೇಕಿಲ್ಲ. ವಿಮೆ ಯಾವಾಗ ಮುಗಿಯುತ್ತೆ ಅನ್ನೋದು ಈಗಲೇ ಆ್ಯಪ್‌ನಲ್ಲಿ ಕಾಣುತ್ತೆ, ಅಂದ್ರೆ ವಿಮೆಯ ಮಾಹಿತಿ ಅಲ್ಲಿಗೆ ಹೋಗ್ತಾನೇ ಇದೆ. ಅದರ ಜೊತೆ ಇನ್ನೊಂದು ಸಾಲು ಹೋಗಬೇಕು, ಅಷ್ಟೇ.

ಇದನ್ನ ಮಿಸ್ತ್ರಿಗೆ ಹೇಳಿದಾಗ ಅವರಿಗೆ ಸಿಟ್ಟೇ ಬಂತು. “ಹಂಗ ಮಾಡಿದ್ರ ನಾವು ರಿಪೇರಿ ಮಾಡಿದ ಗಾಡಿ ಯಾರ ತಗೋತಾರೊ? ನಮ್ಮ ಹೊಟ್ಟಿ ಮ್ಯಾಲೆ ಹೊಡೀತಿ ಏನು?” ಇದು ಸುಳ್ಳು ಭಯವಲ್ಲ. ಮುದ್ರೆ ಬಿದ್ದ ಗಾಡಿಯ ರೇಟು ಇಳಿಯುತ್ತೆ. ಆದ್ರೆ ಈಗ ಏನಾಗಿದೆ? ಚಾಸಿ ಅಳೆದು, ಬೇಕಾದ ಭಾಗ ಬದಲಿಸಿ, ಪ್ರಾಮಾಣಿಕವಾಗಿ ನಿಲ್ಲಿಸಿದ ಗಾಡಿಗೂ, ಪುಟ್ಟಿ ಮೆತ್ತಿ ಬಣ್ಣ ಹೊಡೆದ ಗಾಡಿಗೂ ಸಂತೆಯಲ್ಲಿ ಒಂದೇ ರೇಟು. ಹಾಗಾಗಿ ಅಳೆದವನಿಗೆ ನಷ್ಟ, ಮೆತ್ತಿದವನಿಗೆ ಲಾಭ. ಅಳತೆ ಕಾಗದದ ಮೇಲೆ ಬಂದರೆ ಮೊದಲ ಸಲ ಒಳ್ಳೆ ಮಿಸ್ತ್ರಿಯ ಕೈಗೆ ಬೆಲೆ ಬರುತ್ತೆ. ಇದನ್ನ ಹೇಳಿದ ಮೇಲೂ ಅವರು ಪೂರ್ತಿ ಒಪ್ಪಲಿಲ್ಲ. “ಮೊದಲ ಆರ್‌ಟಿಒದಾಗ ಅಳಿಯವ್ರ ಬರಲಿ, ಆಮ್ಯಾಲೆ ನೋಡೂಣು” ಅಂದ್ರು. ಅದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ.

ಕಾಲಂ ಬರೋವರೆಗೆ ಏನು ಮಾಡಬೇಕು? ನಮ್ಮ ಮನೆಗಳಲ್ಲಿ ಯಾರಾದರೂ ಒಡೆದ ಗಾಡಿ ನೋಡಿ ಬಂದರೆ ನಕ್ಕು ಬಿಡಬೇಡಿ, ಜೊತೆಗೆ ಹೋಗಿ. ಮೂತಿ ಆಮೇಲೆ ನೋಡಿ, ಮೊದಲು ಕರ್ಣ ಅಳೀರಿ. ಒಂದು ಅಯಸ್ಕಾಂತ ಒಯ್ಯಿರಿ, ಪುಟ್ಟಿ ದಪ್ಪ ಇದ್ದಲ್ಲಿ ಅದು ಹಿಡಿಯಲ್ಲ. ಸೀಟ್ ಬೆಲ್ಟನ್ನ ಕೊನೆವರೆಗೆ ಎಳೀರಿ, ನೀರಲ್ಲಿ ನಿಂತ ಗಾಡಿಯಾದರೆ ಒಳಗಿನ ಪಟ್ಟಿಯಲ್ಲಿ ಕೆಸರಿನ ಕಲೆ ಸಿಗಬಹುದು. ಚಾಸಿ ನಂಬರನ್ನ ಆರ್‌ಸಿ ಜೊತೆ ಒಂದೊಂದೇ ಅಂಕಿ ಹೋಲಿಸಿ, ಸುತ್ತ ಉಜ್ಜಿದ ಗುರುತಿದೆಯೇ ನೋಡಿ. ಸರ್ವೇ ರಿಪೋರ್ಟ್ ಕೇಳಿ. ಯಾವ ಭಾಗ ಹೋಗಿತ್ತು ಅನ್ನೋದೆಲ್ಲ ಅದರಲ್ಲಿ ಪಟ್ಟಿ ಆಗಿರುತ್ತೆ. ಕೊಡದಿದ್ದರೆ ಅದೂ ಒಂದು ಉತ್ತರವೇ.

ಕಾಗದದ ವಿಷಯದಲ್ಲಿ ಇನ್ನೂ ಗಟ್ಟಿ ಇರಿ. ದಲಾಲಿ ಹತ್ತಿರ ಮೊದಲ ಮಾಲೀಕ ಸಹಿ ಮಾಡಿದ ಖಾಲಿ ಫಾರ್ಮ್ 29, 30 ಇದ್ದವು. ನಡುವೆ ಗಾಡಿ ಎಷ್ಟು ಕೈ ದಾಟಿದೆಯೋ ದೇವರಿಗೇ ಗೊತ್ತು. 2018ರ ಫೆಬ್ರುವರಿಯಲ್ಲಿ ಸುಪ್ರೀಂ ಕೋರ್ಟ್ ಒಂದು ಪ್ರಕರಣದಲ್ಲಿ ಸ್ಪಷ್ಟವಾಗಿ ಹೇಳಿತು: ಗಾಡಿ ಹಲವು ಕೈ ಬದಲಾಗಿದ್ದರೂ ಆರ್‌ಸಿಯಲ್ಲಿ ಯಾರ ಹೆಸರಿದೆಯೋ ಪರಿಹಾರದ ಹೊಣೆ ಅವರದೇ. ಹಾಗಾಗಿ ಮಾರಿದವನಿಗೂ, ಕೊಂಡವನಿಗೂ ಹೆಸರು ಬದಲಾಯಿಸೋದು ಶಿಷ್ಟಾಚಾರ ಅಲ್ಲ, ರಕ್ಷಣೆ. 2023ರ ಏಪ್ರಿಲ್‌ನಿಂದ ಹಳೇ ಗಾಡಿ ಮಾರೋ ಡೀಲರ್‌ಗಳು ಆರ್‌ಟಿಒದಿಂದ ಅನುಮತಿ ಪಡೆದು, ಗಾಡಿ ಕೈಗೆ ಬಂದದ್ದನ್ನ ಪೋರ್ಟಲ್‌ನಲ್ಲಿ ತಿಳಿಸಬೇಕು ಅನ್ನೋ ನಿಯಮವೂ ಬಂದಿದೆ. ಯಾರ್ಡಿನವರನ್ನ ಆ ಅನುಮತಿ ಪತ್ರ ಕೇಳೋಕೆ ನಾಚಿಕೆ ಬೇಡ.

ವ್ಯಾನಿನಲ್ಲಿ ಹಾಸಿಗೆ ಹಾಕಿ ಹಿಮಾಲಯಕ್ಕೆ ಹೊರಟ ನಮ್ಮ ವಿಂಗ್‌ನ ಗೆಳೆಯರಿಗೂ ಒಂದು ಮಾತು. 52ನೇ ಸೆಕ್ಷನ್ ಪ್ರಕಾರ ಆರ್‌ಸಿಯಲ್ಲಿರೋ ವಿವರಕ್ಕೆ ಹೊಂದದ ಹಾಗೆ ಗಾಡಿ ಬದಲಿಸೋ ಹಾಗಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಅದನ್ನ ಬಿಗಿಯಾಗಿಯೇ ಹೇಳಿದೆ. ಮೋಟಾರ್ ಕ್ಯಾರವಾನ್ ಅನ್ನೋ ವರ್ಗ ನಮ್ಮ ನಿಯಮದಲ್ಲಿ ಇದೆ, ಆ ದಾರಿಯಲ್ಲೇ ಹೋಗಿ. ಒಡೆದ ವ್ಯಾನು, ಒಪ್ಪಿಗೆ ಇಲ್ಲದ ಬದಲಾವಣೆ, ಎರಡೂ ಸೇರಿದರೆ ಮುಂದೆ ಏನಾದರೂ ಆದಾಗ ವಿಮೆ ನಿಮ್ಮ ಪರ ನಿಲ್ಲುತ್ತೆ ಅಂತ ನಂಬಿ ಕೂರಬೇಡಿ.

ಕಾಕಾ ಆ ಗಾಡಿ ತಗೊಳ್ಳಲಿಲ್ಲ. ಕ್ವಾರಿ ಕೆಲಸವೂ ಕೈತಪ್ಪಿತು. ಆ ಸಿಟ್ಟು ನನ್ನ ಮೇಲೆ ಒಂದು ತಿಂಗಳು ಇತ್ತು. ಕಾಕಿ ಮಾತ್ರ ಬಂಗಾರ ಮನೆಯಲ್ಲೇ ಉಳಿದಿದ್ದಕ್ಕೆ ನನಗೆ ಎರಡು ದಿನ ಹೋಳಿಗೆ ಮಾಡಿ ಹಾಕಿದಳು. ನಾನು ಗೆದ್ದೆ ಅಂದುಕೊಂಡಿದ್ದೆ.

ಸಂಕ್ರಾಂತಿ ಹೊತ್ತಿಗೆ ಮಿಸ್ತ್ರಿ ಫೋನ್ ಮಾಡಿ ಹೇಳಿದರು, ಆ ಗಾಡಿ ಮಾರಿಹೋಯಿತಂತೆ. ಯಾರೋ ಬಣ್ಣ ಹೊಡೆಸಿ ಒಯ್ದರಂತೆ. ಅಲ್ಲಿಗೆ ನನಗೆ ಗೊತ್ತಾಯಿತು, ನಾವು ಅಳೆದದ್ದು ನಮ್ಮ ಮನೆಯೊಂದನ್ನ ಉಳಿಸಿತು, ರಸ್ತೆಯನ್ನಲ್ಲ. ಆ 22 ಮಿಲಿಮೀಟರ್ ಎಲ್ಲೂ ದಾಖಲಾಗಿಲ್ಲ. ಅದು ಇರೋದು ಯಾರ್ಡಿನ ನೆಲದ ಮೇಲೆ ಅಳಿಸಿಹೋದ ಚಾಕ್‌ಪೀಸ್ ಗುರುತಿನಲ್ಲಿ, ಮತ್ತೆ ನಮ್ಮ ಮೂವರ ತಲೆಯಲ್ಲಿ. ಹೊಸದಾಗಿ ಕೊಂಡವನಿಗೆ ಅದು ಗೊತ್ತಿಲ್ಲ. ಅದರ ಹಿಂದಿನ ಬಾಡಿಯಲ್ಲಿ ಬುತ್ತಿ ಕಟ್ಟಿಕೊಂಡು ಕೂತು ಹೋಗೋ ಆಳುಗಳಿಗಂತೂ ಗೊತ್ತಾಗೋ ದಾರಿಯೇ ಇಲ್ಲ. ಸರಕು ಗಾಡಿಯ ಹಿಂದೆ ಹಾಗೆ ಕೂತವರಿಗೆ ವಿಮೆಯ ಆಸರೆಯೂ ಸಿಗೋದು ಕಷ್ಟ. ಗಾಡಿ ಆರಿಸಿಕೊಂಡವರು ಅವರಲ್ಲ, ಆದ್ರೆ ಕೂರೋರು ಅವರೇ.

ಈಗ ಕಾಲೇಜಿನಿಂದ ಊರಿಗೆ ಹೋಗುವಾಗ ಹುನಗುಂದ ದಾಟಿ ಇಳಕಲ್ ಕಡೆ ಹೋಗೋ ಬಿಳಿ ಕ್ಯಾಂಪರ್ ಕಂಡರೆ ಹಿಂದಿನ ಗಾಲಿ ನೋಡೋ ಚಟ ಹತ್ತಿದೆ. ಫೈನಲ್ ಇಯರ್ ಪ್ರಾಜೆಕ್ಟ್‌ಗೆ ವಿಷಯ ಹುಡುಕ್ತಾ ಇರೋ ಮೆಕ್ಯಾನಿಕಲ್, ಕಂಪ್ಯೂಟರ್ ಸೈನ್ಸ್ ಗೆಳೆಯರೇ, ಹಳ್ಳಿ ಮಿಸ್ತ್ರಿಯೊಬ್ಬ ಕಮ್ಮಿ ಖರ್ಚಲ್ಲಿ ಚಾಸಿ ಅಳೆದು, ಆ ಅಳತೆಯನ್ನ ಗಾಡಿ ನಂಬರ್ ಜೊತೆ ಉಳಿಸಿಡೋ ಒಂದು ಸಾಧನ ನಾವೇ ಮಾಡೋಕಾಗಲ್ವಾ? ಸರ್ಕಾರದ ಕಾಲಂ ಬರೋವರೆಗೆ ನಮ್ಮದೊಂದು ವಹಿ ಇರಲಿ. ಗುಂಡು, ದಾರ ನಾನು ತರ್ತೀನಿ. ಬರೋರು ಕ್ಲಬ್ ರೂಮಿಗೆ ಬಂದು ಹೆಸರು ಬರೆಸಿ.